ಕೆರಿಯಪ್ಪಣ್ಣ ಹಿಡಿದ ಬ್ಯಾಗು

ಬ್ಯಾಗು ಕೈಗೆ ಬಂದರೆ ಕೆರಿಯಪ್ಪಣ್ಣನವರ ನಡಿಗೆಯೇ ಬದಲಾಗುತ್ತಿತ್ತು. ಬೆನ್ನು ನೆಟ್ಟಗೆ, ಗದ್ದ ಮೇಲಕ್ಕೆ, ನನಗಿಂತ ನಾಲ್ಕು ಮಾರು ಮುಂದೆ. ಯಾರ ಅಂಗಳಕ್ಕೆ ಹೋದರೂ ಒಮ್ಮೆ ಕೆಮ್ಮಿ, "ನಾಯಿ ಕಟ್ರಪ್ಪೋ, ಸರ್ಕಾರ ಬಂದೈತಿ!" ಎಂದು ಕೂಗುವರು. ಸರ್ಕಾರವೆಂದರೆ ನಾನು. ಶಿಕಾರಿಪುರದ ಕಡೆ ಒಂದು ಸರ್ಕಲ್ಲಿಗೆ ಹೊಸದಾಗಿ ಬಂದಿದ್ದ ಗ್ರಾಮ ಆಡಳಿತಾಧಿಕಾರಿ, ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಡಿಗ್ರಿ ಮುಗಿಸಿದ ಮೊದಲನೆಯವಳು. ಕೆರಿಯಪ್ಪಣ್ಣ ನಮ್ಮ ಗ್ರಾಮ ಸಹಾಯಕರು. ಊರಾಚೆಯ ಕೇರಿಯವರು, ನನ್ನಪ್ಪನ ವಯಸ್ಸಿನವರು.

ಇಲಾಖೆಯ ಲ್ಯಾಪ್‌ಟಾಪು ಒಂದು ತೆಳ್ಳನೆಯ ಕೈಬ್ಯಾಗಿನಲ್ಲಿ ಬಂದಿತ್ತು. ಅದನ್ನು ಅವರು ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ನಾನು ಜಗಲಿಯಲ್ಲಿ ಕೂತು ಕಾಗದ ನೋಡುವಾಗ ಅವರೂ ಜಗಲಿಯ ತುದಿಯಲ್ಲಿ, ಬ್ಯಾಗನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂರುವರು. ಯಾರಾದರೂ "ಅಂಗಳದಾಗೆ ಕೂತ್ಕಳೋ ಕೆರ್ಯ" ಎಂದರೆ ಸಾಕು, ಶುರು.

"ಕೂರಂಗಿಲ್ಲ ಗೌಡ್ರೆ. ಇದ್ರಾಗೆ ಊರಿನ ಪಹಣಿ ಎಲ್ಲಾ ಅದಾವೆ. ನೆಲದ ತಂಪು ಹತ್ತಿದ್ರೆ ಮೊದ್ಲು ನಿಮ್ಮ ಹೊಲಾನೇ ಅಳಿಸಿ ಹೋಗ್ತತಿ, ನೋಡ್ರಿ ಮತ್ತೆ!"

ಎಲ್ಲರೂ ನಗುವರು. ಚಹಾ ಅವರಿಗೂ ಬರುವುದು. ನಾನೂ ನಗುತ್ತಿದ್ದೆ, ಅದು ಅವರ ತಮಾಷೆ ಎಂದುಕೊಂಡು.

ಆ ಬ್ಯಾಗಿನ ಜಿಪ್ಪು ಕಿತ್ತುಹೋಯಿತು. ಹೊಸದು ಕೊಳ್ಳಲು ಇಬ್ಬರೂ ಶಿಕಾರಿಪುರ ಪೇಟೆಯ ರಹೀಂ ಸಾಬರ ಅಂಗಡಿಗೆ ಹೋದೆವು. ನನಗೆ ಏನು ಬೇಕೆಂದು ನನಗೆ ಗೊತ್ತಿತ್ತು. ಲ್ಯಾಪ್‌ಟಾಪು, ಚಾರ್ಜರು, ಊಟದ ಡಬ್ಬಿ, ನೀರು, ಕೊಡೆ ಹಿಡಿಯಬೇಕು. ದಿನವಿಡೀ ಹೊಲಗದ್ದೆ ಸುತ್ತುವ ಹೆಂಗಸಿಗೆ ಬೇಕಾಗುವ, ಗಂಡಸಿನ ಕೈಗೆ ಕೊಡಲಾಗದ ನಾಲ್ಕು ಸಾಮಾನೂ ಹಿಡಿಯಬೇಕು. ಇದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ನನ್ನಪ್ಪ ಊರಿನ ದೊಡ್ಡವರ ಗಂಟು ಹೊತ್ತು ಅವರ ಹಿಂದೆ ಸಂತೆಗೆ ನಡೆದಿದ್ದನ್ನು ನೋಡಿ ಬೆಳೆದವಳು ನಾನು. ನನ್ನ ಗಂಟನ್ನು ಇನ್ನೊಬ್ಬರು ಹೊರಕೂಡದು ಎಂಬ ಹಟ ನನಗೆ.

ಕೆರಿಯಪ್ಪಣ್ಣ ಹಿಡಿಕೆ ಇದ್ದ ಕರಿ ಬ್ಯಾಗೊಂದನ್ನು ಎತ್ತಿ, ಅಂಗಡಿಯೊಳಗೇ ಅತ್ತಿತ್ತ ನಡೆದು ತೋರಿಸಿದರು. "ಇದು ನೋಡ್ರಿ ಮೇಡಂ, ಆಫೀಸರ್ ಬ್ಯಾಗು. ನೀವು ನೋಡ್ತಿರೋದು ಶಾಲೆ ಹುಡುಗ್ರದ್ದು."

"ಹೊರೋರು ಯಾರು ಅದನ್ನ ಹೇಳ್ರಿ ಮೊದ್ಲು," ಎಂದರು ಸಾಬರು. "ನೀವಾ, ಮೇಡಮ್ಮಾರಾ?"

"ನಾನೇ," ಎಂದು ಬೆನ್ನಿಗೆ ಹಾಕುವ ಬ್ಯಾಗನ್ನು ಅಲ್ಲೇ ತೊಟ್ಟುಕೊಂಡೆ. ಕೆರಿಯಪ್ಪಣ್ಣ ಕರಿ ಬ್ಯಾಗನ್ನು ಮೊಳೆಗೆ ತೂಗುಹಾಕಿ ಹೊರಗೆ ಹೋಗಿ ನಿಂತರು.

ಮರುದಿನ ಅಂಬ್ಲಿಗೊಳದ ಕಾಲುವೆ ಬಯಲಿನ ಒಂದು ಮನೆಗೆ ಹೋದೆವು. ಹಿಂದಿನ ವಾರವಷ್ಟೇ ಅಲ್ಲಿ ಇಬ್ಬರೂ ಚಹಾ ಕುಡಿದಿದ್ದೆವು. ಯಜಮಾನರು ನನಗೆ ಕುರ್ಚಿ ಹಾಕಿದರು. ಕೆರಿಯಪ್ಪಣ್ಣ ಮೆಟ್ಟಿಲಿಗೆ ಕಾಲಿಟ್ಟರು.

"ನೀನ್ಯಾಕೋ ಮೇಲೆ? ಅಲ್ಲೇ ಗೊಬ್ಬರದ ಗುಂಡಿ ಹತ್ರ ನೆಳ್ಳೈತಿ, ನಿಲ್ಲು."

ಅವರು ಖಾಲಿ ಕೈಗಳನ್ನೊಮ್ಮೆ ನೋಡಿಕೊಂಡು ಕೆಳಗಿಳಿದರು. "ಅವರು ನಿಲ್ಲುವುದಾದರೆ ನಾನೂ ನಿಲ್ಲುತ್ತೇನೆ" ಎಂದು ನಾನು ಎದ್ದೆ. ಯಜಮಾನರು ಮುಖ ಬಿಗಿದುಕೊಂಡು ಒಳಗೆ ಹೋಗಿ ಕಾಗದ ತಂದರು. ನಿಂತೇ ಕೆಲಸ ಮುಗಿಸಿದೆವು.

ದಾರಿಯಲ್ಲಿ ಕೆರಿಯಪ್ಪಣ್ಣನೇ ಬಾಯಿ ಬಿಟ್ಟರು. "ಯಾಕೆ ಜಗಳ ಮಾಡಾಕೆ ಹೋದ್ರಿ? ನೀವು ಇವತ್ತು ಇಲ್ಲಿ, ನಾಳೆ ಎಲ್ಲಿಗೆ ಟ್ರಾನ್ಸ್‌ಫರ್ರೋ. ನಾನು ಇಲ್ಲೇ ಸಾಯೋನು."

"ಇನ್ನೊಬ್ಬರ ಬ್ಯಾಗು ಹೊರೋದು ಮರ್ಯಾದೆನಾ ಅಣ್ಣ?"

"ಅದು ನಿಮ್ಮ ಲೆಕ್ಕ. ನನಗೆ ಮೂವತ್ತು ವರ್ಷ ಜಗಲಿ ಹತ್ತಿಸಿದ್ದು ಆ ಬ್ಯಾಗು. ಮೊದ್ಲು ದಫ್ತರದ ಗಂಟಿತ್ತು, ಆಮೇಲೆ ಬ್ಯಾಗು ಬಂತು. ನಿಮಗೆ ನನ್ನ ಭಾರ ಇಳಿಸಿದೆ ಅನ್ನೋ ಖುಷಿ. ನನಗೆ ಜಗಲಿ ಹೋತು."

ಆ ಸಂಜೆಯೇ ರಹೀಂ ಸಾಬರಲ್ಲಿಗೆ ಹೋಗಿ ಆ ಕರಿ ಬ್ಯಾಗನ್ನೂ ತಂದೆ. ಲ್ಯಾಪ್‌ಟಾಪು ಅವರ ಕೈಗೆ, ನನ್ನ ಸಾಮಾನು ನನ್ನ ಬೆನ್ನಿಗೆ. ಮತ್ತೆ ಬೆನ್ನು ನೆಟ್ಟಗಾಯಿತು, ನಾಯಿ ಕಟ್ಟುವ ಕೂಗು ಶುರುವಾಯಿತು. ಅವರು ಜಗಲಿಯ ಮೇಲೆ ಚಹಾ ಕುಡಿಯುವುದನ್ನು ನೋಡಲು ನನಗೆ ಇಷ್ಟವಿತ್ತು, ಅಷ್ಟೆ.

ನನಗೆ ಸೊರಬದ ಕಡೆ, ಗುಡವಿಯ ಹತ್ತಿರದ ಸರ್ಕಲ್ಲಿಗೆ ವರ್ಗವಾಯಿತು. ಒಂದು ಮಧ್ಯಾಹ್ನ ಕೆರಿಯಪ್ಪಣ್ಣ ಸೊರಬದ ಕಚೇರಿಗೆ ಬಂದರು. ಬಿಸಿಲಲ್ಲಿ ಗೇಟಿನ ಹೊರಗೇ ನಿಂತಿದ್ದರು. ಸೊರಗಿದ್ದರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

"ಹೊಸ ಸಾಹೇಬ್ರು ಹೆಂಗೆ?"

"ಚಲೋ ಹುಡುಗ ಪಾಪ. ಬೆನ್ನಿಗೆ ಬ್ಯಾಗು ಹಾಕ್ಕಂಡು ಬೈಕಿನಾಗೆ ಒಬ್ಬರೇ ಹೋಗ್ತಾರೆ. 'ವಯಸ್ಸಾತು, ಸುಮ್ನೆ ಕೂತ್ಕಳಪ್ಪ' ಅಂತಾರೆ." ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು. "ನೋಟೀಸು ಕೊಡಾಕೆ ಮಾತ್ರ ನಾನು ಹೋಗಬೇಕು. ಅಂಗಳದಾಗೆ ನಿಂತು ಕೊಟ್ಟು ಬರ್ತೀನಿ. ಮೇಡಂ, ಆ ಕರಿ ಬ್ಯಾಗು ಇನ್ನೂ ಐತೇನ್ರಿ? ಖಾಲಿದಾದ್ರೂ ಆತು."

ಕಚೇರಿಯ ಒಳಗಿನಿಂದ ತಂದು ಕೊಟ್ಟೆ. ಅಂಗಿಯ ತೋಳಿನಿಂದ ಅದರ ಧೂಳು ಒರೆಸಿ ಹಿಡಿದರು. ಶಿರಾಳಕೊಪ್ಪದ ಬಸ್ಸಿನಲ್ಲಿ ಕೂತು ಕಿಟಕಿಯಿಂದ ಕೈ ಎತ್ತಿದರು. ಅದೇ ಕೊನೆ.

ಸುದ್ದಿ ನನಗೆ ತಡವಾಗಿ ತಿಳಿಯಿತು. ಮಾತನಾಡಿಸಲು ಕೇರಿಗೆ ಹೋದಾಗ ಮಣ್ಣಾಗಿ ವಾರ ಕಳೆದಿತ್ತು. ಅವರ ಹೆಂಡತಿ ಹಾಲಮ್ಮ ಒಳಗಿನಿಂದ ಬ್ಯಾಗು ತಂದು ನನ್ನ ಮುಂದಿಟ್ಟರು.

"ಇದು ಸರ್ಕಾರದ್ದೇನವ್ವ? ವಾಪಸ್ ಕೊಡಬೇಕಾ?"

ಎತ್ತಿದೆ. ಭಾರವಾಗಿತ್ತು. ಜಿಪ್ಪು ತೆಗೆದರೆ ಒಳಗೆ ಹಳೆಯ ಪಂಚೆಯಲ್ಲಿ ಸುತ್ತಿದ, ಲ್ಯಾಪ್‌ಟಾಪಿನಷ್ಟೇ ಅಗಲದ ಮರದ ಹಲಗೆ.

"ಖಾಲಿ ಬ್ಯಾಗು ಕೈಯಾಗೆ ಆಡ್ತತಂತೆ, ಜನಕ್ಕೆ ತಿಳೀತತಂತೆ," ಎಂದರು ಹಾಲಮ್ಮ. "ಬಡಿಗೇರ ಹತ್ರ ಅಳತೆ ಕೊಟ್ಟು ಕೊಯ್ಸಿದ್ರು. ಜ್ವರ ಬಂದ ದಿನಾನೂ ಹಿಡ್ಕಂಡೇ ಹೋಗಿದ್ರು."

"ಸರ್ಕಾರದ್ದಲ್ಲ ಅಕ್ಕ. ಅಣ್ಣಂದೇ," ಎಂದು ಜಿಪ್ಪು ಹಾಕಿ ಕೊಟ್ಟೆ. ಆ ಹಲಗೆ ಅವರನ್ನು ಯಾರ ಯಾರ ಜಗಲಿ ಹತ್ತಿಸಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.