ಆಡಕಿಯ ಹಳ್ಳಕ್ಕೆ ಹೋಗದ ಫೋನು

ನಾಗರತ್ನಾಳಂಥ ಅಂಜುಬುರುಕಿಯನ್ನು ನಾನು ಇಡೀ ಸೇಡಂನಲ್ಲಿ ಕಂಡಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡುವ ಹೆಣ್ಣು. ನಾನು ಜಬೀನಾ, ಆಫೀಸಿನಲ್ಲಿ ಅವಳ ಪಕ್ಕದ ಕುರ್ಚಿಯವಳು. ಆರು ವರ್ಷ ಅವಳನ್ನು ಕಾಡಿಸುತ್ತಲೇ ಬಂದೆ. ಆ ಸೋಮವಾರದಿಂದ ಬಿಟ್ಟಿದ್ದೇನೆ.

ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಆಡಕಿ ಕಡೆಯ ಒಂದು ಕಲ್ಲುಗಣಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದೇವೆ. ಮಧ್ಯಾಹ್ನ ಒಂದಕ್ಕೆ ಅಲ್ಲಿ ಬಂಡೆ ಸಿಡಿಸುತ್ತಾರೆ. ಹದಿನೈದು ನಿಮಿಷ ಮೊದಲು ಸುತ್ತಲಿನವರಿಗೆಲ್ಲ ಆ ಪ್ರೋಗ್ರಾಮಿನಿಂದ ತಾನಾಗಿ ಫೋನ್ ಹೋಗಬೇಕು. ನಾಗರತ್ನಾಳ ಅಪ್ಪ ಅಂಬಾರಾಯ ಕಾಕಾ ಕುರಿ ಮೇಯಿಸುವುದು ಗಣಿಯ ಪೂರ್ವದ ಗುಂಡಿಯ ಕೆಳಗಿನ ಹಳ್ಳದಲ್ಲೇ. ಸೈರನ್ ಅಲ್ಲಿಗೆ ಕೇಳುವುದಿಲ್ಲ. ಸಿಡಿಸದ ದಿನವೂ ಹಾರುವ ಕೆಂಪು ಬಾವುಟವನ್ನು ಕುರಿಗಾರರು ನಂಬುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಫೋನ್ ಬಂದರೆ ಏಳುವುದು, ಬರದಿದ್ದರೆ ಇವತ್ತು ಸಿಡಿಸುವುದಿಲ್ಲ ಎಂದು ಕೂತುಬಿಡುವುದು, ಅದೇ ರೂಢಿಯಾಗಿತ್ತು.

ಜಾವಾ ಭಾಷೆಯಲ್ಲಿ ಪ್ರೋಗ್ರಾಮಿನ ತುಂಡುಗಳಿಗೆ ಚೀಟಿ ಅಂಟಿಸಬಹುದು. ನಮ್ಮಲ್ಲಿ ಗುಂಡಿಗೊಂದು ತುಂಡು; ಯಾವ ಗುಂಡಿ ಸಿಡಿಸುವಾಗ ಯಾರಿಗೆ ಫೋನ್ ಹೋಗಬೇಕು ಎಂಬುದು ನಮ್ಮ ಚೀಟಿಗಳಲ್ಲಿತ್ತು. ಒಂದು ತುಂಡಿಗೆ ಒಂದೇ ಚೀಟಿಯಾದರೆ ಹೊರಗೇ ಕಾಣುತ್ತದೆ. ಅದೇ ಬಗೆಯವು ಎರಡಾದರೆ ಜಾವಾ ಅವನ್ನು ಗಂಟು ಕಟ್ಟಿ ಇಡುತ್ತದೆ; ಬಿಚ್ಚಿ ನೋಡಬೇಕು. ಹಳೆಯ ಪ್ರೋಗ್ರಾಂ ಪ್ರತಿ ನಂಬರಿಗೂ ಮತ್ತೆ ಮೊದಲಿನಿಂದ ಹುಡುಕಿ, ಬಿಚ್ಚಿ, ನೋಡಿ ಸುಸ್ತಾಗುತ್ತಿತ್ತು. ಕೊನೆಯವರಿಗೆ ಫೋನ್ ತಡವಾದರೆ ಏನು ಗತಿ ಎಂಬ ಭಯ ನಾಗರತ್ನಾಳಿಗೆ. ಒಂದೇ ಸಲ ಹುಡುಕಿ ನೆನಪಿಟ್ಟುಕೊಳ್ಳುವಂತೆ ತಿದ್ದಿದಳು. ಪಶ್ಚಿಮದ ಗುಂಡಿಯ ಮೇಲೆ ಪರೀಕ್ಷೆ ಮಾಡಿದೆವು. ಅದಕ್ಕಿದ್ದದ್ದು ಒಂದೇ ಚೀಟಿ. ಉಳಿದವನ್ನೂ ನೋಡೋಣ ಎಂದು ಅವಳು ಎಂದಿನಂತೆ ಗೋಳಾಡಿದಳು. ಸಾಕು ಬಿಡೇ ಮಾರಾಯ್ತಿ ಎಂದವಳು ನಾನೇ.

ಸೋಮವಾರ ಹನ್ನೆರಡೂಮುಕ್ಕಾಲಿಗೆ ಪೂರ್ವದ ಗುಂಡಿಯ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು ಎಂದು ಪರದೆ ತೋರಿಸಿತು. ನಾನು ಚಪ್ಪಾಳೆ ತಟ್ಟಿದೆ. ಅವಳು ಬಿಳಿಚಿಕೊಂಡಿದ್ದಳು. ಹೋದ ಫೋನುಗಳ ಸಂಖ್ಯೆ ಸೊನ್ನೆ ಇತ್ತು.

ಆ ಗುಂಡಿಗೆ ಚೀಟಿ ಎರಡು, ಕೂಲಿಯವರದೊಂದು, ಕುರಿಗಾರರದೊಂದು. ಹೊಸ ಹುಡುಕಾಟ ಹೊರಗಷ್ಟೇ ನೋಡಿ, ಚೀಟಿಯೇ ಇಲ್ಲವೆಂದು ನೆನಪಿಟ್ಟುಕೊಂಡಿತ್ತು. ಗಂಟು ಬಿಚ್ಚಿರಲೇ ಇಲ್ಲ.

ಗಣಿಯಲ್ಲಿ ಬಂಡೆ ಸಿಡಿಸುವ ದಶರಥನಿಗೆ ಫೋನ್ ಹಚ್ಚಿದೆ. ಸಿಡಿಮದ್ದಿನ ಹತ್ತಿರ ಫೋನ್ ಒಯ್ಯುವಂತಿಲ್ಲ, ಅವನದು ಬಂದ್ ಇತ್ತು. ಗಣಿಯ ಆಫೀಸಿನಲ್ಲಿ ಯಾರೂ ಎತ್ತಲಿಲ್ಲ. ಕೂಲಿಯವರು ಸೈರನ್ ಕೇಳಿ ಸರಿಯುತ್ತಾರೆ. ಆ ವಾರ ಹಳ್ಳಕ್ಕೆ ಇಳಿದಿದ್ದವರು ಕಾಕಾ ಒಬ್ಬರೇ. ನಾಗರತ್ನಾ ಅಪ್ಪನ ನಂಬರು ಒತ್ತಿದಳು, ಹಳ್ಳದಲ್ಲಿ ಬಂದು ಹೋಗುವ ಸಿಗ್ನಲ್ ಆಗ ಇರಲಿಲ್ಲ. ಮತ್ತೆ ಒತ್ತಿದಳು. ಅವಸರದಲ್ಲಿ ಬೇರೆ ಯಾರಿಗೋ ಹೋಯಿತು. ಗೋಡೆಯ ಗಡಿಯಾರ ನೋಡಲಿಕ್ಕೂ ನನಗೆ ಹೆದರಿಕೆ. ಒಂದಕ್ಕೆ ನಾಲ್ಕು ನಿಮಿಷ ಇರುವಾಗ ರಿಂಗಾಯಿತು.

“ಅಪ್ಪಾ, ಏಳು. ಕುರಿ ಬಿಡು, ಓಡು.”

ಕಾಕಾ ಯಾಕೆಂದು ಕೇಳಲಿಲ್ಲ. ಫೋನಿನೊಳಗೆ ಚಪ್ಪಲಿಯ ಸದ್ದು, ಕುರಿಗಳ ಕೂಗು, ಅವರ ಏದುಸಿರು. ಬಹಳ ಹೊತ್ತು ಅದೇ ಕೇಳುತ್ತಿತ್ತು. ಆಮೇಲೆ ಧಡಲ್ ಎಂದಿತು. ಆಮೇಲೆ ಏನೂ ಇಲ್ಲ. ನಾಗರತ್ನಾ ನನ್ನ ಮುಂಗೈ ಹಿಡಿದ ಗುರುತು ಎರಡು ದಿನ ಹೋಗಲಿಲ್ಲ.

ಕೊನೆಗೆ ಕೆಮ್ಮು ಕೇಳಿಸಿತು. ಮಲಗಿದ್ದ ಜಾಗದಲ್ಲೇ ಕಲ್ಲು ಬಿದ್ದಿವೆ, ಒಂದು ಕುರಿ ಹೋಯಿತು ಎಂದರು. ಬಾವುಟ ಕಾಣಲಿಲ್ಲವೇ ಎಂದು ಅವಳು ಅಳುತ್ತಲೇ ಕೇಳಿದಳು.

“ಕಂಡಿತ್ತವ್ವಾ,” ಎಂದರು ಕಾಕಾ. “ಆದ್ರ ನಿನ್ ಫೋನ್ ಬಂದಿರ್ಲಿಲ್ಲಲ್ಲ. ನನ್ ಮಗಳು ಮರೀತಾಳೇನು ಅಂತ ಟವೆಲ್ ಹೊಚ್ಕೊಂಡು ಮಕ್ಕೊಂಡಿದ್ದೆ.”