ಹನ್ನೆರಡು ಗಂಟೆಯ ದಿಕ್ಕು

ಆ ಶನಿವಾರ ಬೆಳಿಗ್ಗೆಯೂ ಮಾವನವರು ಎಂದಿನಂತೆ ಕಾರಿನ ಸುತ್ತ ಒಂದು ಸುತ್ತು ಬಂದರು. ಗಾಲಿಗಳನ್ನು ಬೂಟಿನಿಂದ ಮೆಲ್ಲಗೆ ಒದ್ದು, ಕನ್ನಡಿ ಸವರಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಂತರು. ಯುದ್ಧವಿಮಾನ ಹತ್ತುವ ಮುಂಚೆ ಮಾಡುತ್ತಿದ್ದ ತಪಾಸಣೆ ಅದು. ವಾಯುಪಡೆ ಬಿಟ್ಟು ಇಪ್ಪತ್ತು ವರ್ಷದ ಮೇಲಾದರೂ, ವಯಸ್ಸು ಎಂಬತ್ತರ ಹತ್ತಿರ ಬಂದರೂ, ಅದೊಂದು ತಪ್ಪಿರಲಿಲ್ಲ. ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದೆ. ಸುತ್ತು ಮುಗಿಸಿ ಒಳಗೆ ಬರುವಾಗ ಅವರು ಹಸಿ ರಂಗೋಲಿಯನ್ನು ನಟ್ಟನಡುವೆ ತುಳಿದುಕೊಂಡು ಹೋದರು. ನಾನು ಈ ಮನೆಗೆ ಬಂದಾಗಿನಿಂದ ಅವರು ಅದನ್ನು ಬಳಸಿಕೊಂಡೇ ನಡೆದವರು. ಏನೋ ಅವಸರವಿರಬೇಕು ಎಂದುಕೊಂಡು ಅಳಿಸಿದ ಎಳೆಯನ್ನು ಮತ್ತೆ ಎಳೆದೆ.

ನನ್ನ ತಲೆಯಲ್ಲಿ ಬೇರೆಯೇ ಚಿಂತೆಯಿತ್ತು. ಆರು ವರ್ಷದ ಮಗಳನ್ನು ಶಾಲೆಗೆ ಒಯ್ಯುತ್ತಿದ್ದ ಆಟೋದವರು ರಾಯಚೂರು ಬಿಟ್ಟಿದ್ದರು. ನನ್ನವರದು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ. "ಸೋಮವಾರದಿಂದ ನಾನ ಬಿಟ್ಟು ಬರ್ತೀನಿ" ಎಂದು ಮಾವನವರು ಹೇಳಿದ್ದರು, ನಾನು ಹೂಂ ಎಂದಿದ್ದೆ. ಅಂದು ಅವರು ದೇವದುರ್ಗದಲ್ಲಿ ತಾವು ಓದಿದ ಶಾಲೆಯಲ್ಲಿ ಮಾತಾಡಬೇಕಿತ್ತು. ಬರುವಾಗ ಮಾನ್ವಿಯಿಂದ ಅಕ್ಕಿ ತರುವುದೆಂದು ನಾನೂ ಹೊರಟೆ.

ಅವರ ಪಕ್ಕ ಕೂತವರು ಸುಮ್ಮನಿರುವಂತಿಲ್ಲ. ವಿಮಾನಗಳು ಜೋಡಿಯಾಗಿ ಹಾರುವಾಗ ಜತೆಗಾರ ಕಂಡದ್ದನ್ನೆಲ್ಲ ಗಡಿಯಾರದ ಲೆಕ್ಕದಲ್ಲಿ ಹೇಳುತ್ತಿರಬೇಕಂತೆ: ಮೂತಿಯ ನೇರಕ್ಕೆ ಹನ್ನೆರಡು ಗಂಟೆ, ಬಲರೆಕ್ಕೆಗೆ ಮೂರು, ಎಡಕ್ಕೆ ಒಂಬತ್ತು. ಆ ವರ್ಷದ ಮಳೆಗಾಲದಲ್ಲಿ ನನಗದನ್ನು ಕಲಿಸಿದ್ದರು. ಕಲಿತೆನೆಂದು ನನಗೂ ಹೆಮ್ಮೆ.

"ಹನ್ನೆರಡು ಗಂಟಿಗೆ ಬಸ್ ಬರಾಕತ್ತದ್ರಿ ಮಾವಾರ."

"ಎಷ್ಟು ದೂರ ಅದ?"

"ಆ ಬೇವಿನ ಗಿಡದ ಹತ್ರ."

"ಬೇವಿನ ಗಿಡ ಎಷ್ಟು ದೂರ ಅದ?"

"ಪರೀಕ್ಷಾ ಮಾಡಾಕತ್ತೀರೇನ್ರಿ?" ಎಂದು ನಕ್ಕೆ.

"ಮತ್ತ? ನಿಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕುಸುರಿ ಕಲಿಸ್ಯಾರ, ಇದನ್ನ ಕಲಿಸಿಲ್ಲಲ್ಲ!"

ಶಾಲೆಯ ಪಡಸಾಲೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಅಲ್ಲೇ ಹತ್ತಿರದ ಜಾಲಹಳ್ಳಿ ಕಡೆಯ ಕೂಲಿಕಾರರ ಮಗನಾದ ತಾವು, ಮೇಷ್ಟ್ರೊಬ್ಬರ ಒತ್ತಾಯದಿಂದ ಪರೀಕ್ಷೆ ಬರೆದು ಪೈಲಟ್ ಆದದ್ದನ್ನು ಮಾವನವರು ಹೇಳಿದರು. ಯುದ್ಧದಲ್ಲಿ ತಮ್ಮ ವಿಮಾನಕ್ಕೆ ಏಟು ಬಿದ್ದು ಎದುರಿನ ಗಾಜಿಗೆಲ್ಲ ಎಣ್ಣೆ ಚಿಮ್ಮಿದಾಗ, ಜತೆಗಾರ ಪಕ್ಕದಲ್ಲೇ ಹಾರುತ್ತ, "ಇನ್ನಷ್ಟು ಕೆಳಗೆ, ಇನ್ನಷ್ಟು ಎಡಕ್ಕೆ" ಎಂದು ಹೇಳಿ ಹೇಳಿ ನೆಲ ಮುಟ್ಟಿಸಿದ್ದನ್ನೂ ಹೇಳಿದರು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಆವಾಗ ಭಾಳ ಹೆದರಿಕಿ ಆತೇನ್ರಿ ಸರ್?"

"ಆವಾಗ ಹೆದರಾಕ ಪುರಸೊತ್ತು ಇರಲಿಲ್ಲವ್ವಾ. ಮುಂದ ದೊಡ್ಡ ಆಫೀಸರ್ ಆದೆನಲ್ಲ, ಆವಾಗ ಹೆದರಿದೆ. ನನ್ನ ಕೈಕೆಳಗ ಒಬ್ಬ ಚಲೋ ಪೈಲಟ್ ಇದ್ದ. ಕಣ್ಣು ಮಂದ ಆಗಿದ್ದು ಮುಚ್ಚಿಟ್ಟಿದ್ದ. ಹಾರೋದು ಬಂದ್ ಮಾಡು ಅಂತ ನಾನ ಹೇಳಬೇಕಾತು. ನನ್ನ ಮುಂದ ನಿಂತು ಅತ್ತ. ಆದ್ರ ಅವನ ಜೋಡಿ ಹಾರೋರು ಮನಿಗೆ ಬರಬೇಕಲ್ಲ?"

ಮುಖ್ಯೋಪಾಧ್ಯಾಯರು ಶಾಲು ಹೊದಿಸಿ ಅಭಿನಂದನಾ ಪತ್ರ ಕೊಟ್ಟರು. ಮಾವನವರು ಅದನ್ನು ತಲೆಕೆಳಗಾಗಿ ಹಿಡಿದು ಒಂದಿಷ್ಟು ನೋಡಿ, ನನ್ನತ್ತ ಚಾಚಿದರು. "ನೀನ ಓದವ್ವಾ. ಚಾಳೀಸು ಮನ್ಯಾಗ ಬಿಟ್ಟು ಬಂದೀನಿ."

ಚಾಳೀಸು ಅವರ ಅಂಗಿಯ ಜೇಬಿನಲ್ಲೇ ಇತ್ತು.

ನಾನು ಓದಿದೆ. ತುಳಿದ ರಂಗೋಲಿ, ಬೇವಿನ ಗಿಡ, ಈ ಚಾಳೀಸು ಒಂದರ ಪಕ್ಕ ಒಂದು ಬಂದು ನಿಂತವು. ನಾನು ಕಲಿಯುತ್ತಿದ್ದೆನೋ, ಅವರ ಬದಲು ನೋಡುತ್ತಿದ್ದೆನೋ? ಹಾಗೆಂದು ಕೇಳುವುದು ಹೇಗೆ? ಹಿರಿಯರಿಗೆ ಎದುರಾಡಬಾರದೆಂದು ಕಾನ್ವೆಂಟಿನಲ್ಲೂ ತವರಿನಲ್ಲೂ ಕಲಿತವಳು ನಾನು. ಇವರಾದರೋ ನನಗೆ ಒಂದು ದಿನವೂ ಗಟ್ಟಿಯಾಗಿ ಮಾತಾಡಿದವರಲ್ಲ.

ಮರಳುವಾಗ, ಮಾನ್ವಿಯ ದಾರಿಯಲ್ಲಿ, ಸಿರವಾರ ದಾಟಿತು. ಕಾಲುವೆ ನೀರಿನ ಗದ್ದೆಗಳಲ್ಲಿ ಸುಗ್ಗಿ ನಡೆದಿತ್ತು. ಮುಂದೆ ರಸ್ತೆ ನೇರವಾಗಿತ್ತು, ಒಂದು ಗಾಡಿಯೂ ಇರಲಿಲ್ಲ. ಒಮ್ಮೆ ಸುಮ್ಮನಿದ್ದು ನೋಡೋಣ ಎಂದುಕೊಂಡೆ.

"ಹೇಳವ್ವಾ" ಎಂದರು.

ನಾನು ಹೇಳಲಿಲ್ಲ. ದೂರದಲ್ಲಿ, ನಾವು ಹೋಗುವ ಬದಿಗೇ, ಅರ್ಧ ರಸ್ತೆಗೆ ಭತ್ತ ಒಣಹಾಕಿ ಅಂಚಿಗೆ ಕಲ್ಲು ಜೋಡಿಸಿದ್ದರು. ಹಳದಿ ಸೀರೆಯ ಹೆಂಗಸೊಬ್ಬಳು ನಮಗೆ ಬೆನ್ನು ಹಾಕಿ, ಭತ್ತದಲ್ಲಿ ಕಾಲಾಡಿಸುತ್ತ ನಡೆದಿದ್ದಳು.

"ಯಾಕ ಸುಮ್ಮನಾದಿ?"

ಅವರ ಕಾಲು ಬ್ರೇಕಿನತ್ತ ಸರಿಯದೆ ಇದ್ದಲ್ಲೇ ಇತ್ತು. ಈಗ ಕಾಣುತ್ತದೆ, ಈಗ ನಿಧಾನ ಮಾಡುತ್ತಾರೆ ಎಂದು ಕಾದೆ. ಹಳದಿ ಸೀರೆಯ ಕೆಂಪು ಅಂಚು ಕೂಡ ಕಾಣುವಷ್ಟು ಹತ್ತಿರ ಬಂತು.

"ಹನ್ನೆರಡು ಗಂಟಿಗೆ ಹೆಣ್ಮಗಳು! ನಿಲ್ಲಸ್ರೀ!"

ಗಾಲಿ ಕಿರುಗುಟ್ಟಿತು. ಒಂದು ಕಲ್ಲು ಸಿಡಿದು ಹೊಲಕ್ಕೆ ಬಿತ್ತು, ಭತ್ತ ಚೆಲ್ಲಾಪಿಲ್ಲಿಯಾಯಿತು. ಕಾರು ನಿಂತಾಗ ಆಕೆ ನಮ್ಮಿಂದ ಒಂದು ಮಾರು ದೂರದಲ್ಲಿದ್ದಳು.

"ಕಣ್ಣಾಗ ಏನ್ ಬಿದ್ದದೋ ಯಪ್ಪಾ ನಿನಗ? ಹಾಡಹಗಲಿ ಇಷ್ಟು ದೊಡ್ಡ ಮನಷ್ಯಾಳು ಕಾಣಲಿಲ್ಲೇನು? ನನ್ನ ಮಕ್ಕಳು ತಬ್ಬಲಿ ಆಗ್ತಿದ್ರಲ್ಲೋ!"

ಮಾವನವರು ಇಳಿದು ಕೈಜೋಡಿಸಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಚೆದುರಿದ ಭತ್ತವನ್ನು ಅಂಗೈಯಿಂದ ತಡವಿ ತಡವಿ ಒಟ್ಟುಗೂಡಿಸತೊಡಗಿದರು. ನಾನೂ ಕೂತೆ. "ಬಿಡ್ರಿ, ಬಿಡ್ರಿ, ವಯಸ್ಸಾದೋರು" ಎಂದು ಕೊನೆಗೆ ಆಕೆಯೇ ಎಬ್ಬಿಸಿದಳು.

ಕಾರಿನಲ್ಲಿ ಕೂತ ಮೇಲೆ ಕೇಳಿದೆ. "ಯಾವಾಗಿಂದ್ರಿ ಮಾವಾರ?"

"ನಿನಗ ಗಡಿಯಾರ ಕಲಿಸಿದಾಗಿಂದ." ಅವರು ಸ್ಟಿಯರಿಂಗ್ ಬಿಟ್ಟಿರಲಿಲ್ಲ. "ಬಾಜೂದ್ದು ಕಾಣ್ತದ. ನಡು ಮಾತ್ರ ಮಂಜು ಕುಂತಂಗ. ರಾಯಚೂರಾಗ ರಸ್ತಾ ಎಲ್ಲಾ ಗೊತ್ತಿರೋವ. ಸಾಲಿಗೆ ಬಿಟ್ಟು ಬರಾಕ ಏನೂ ಆಗಾಂಗಿಲ್ಲ."

ಆ ಮಾತು ನನ್ನ ಬಾಯಿಂದ ಹೇಗೆ ಹೊರಬಂತೋ.

"ಸೋಮವಾರ ನಿಮ್ಮ ಬಾಜೂಕ ನಾ ಇರಾಂಗಿಲ್ರಿ. ನಿಮ್ಮ ಮೊಮ್ಮಗಳಿಗೆ ಇನ್ನಾ ಗಡಿಯಾರ ನೋಡಾಕ ಬರಾಂಗಿಲ್ಲ."

ಹಳದಿ ಸೀರೆಯಾಕೆ ಮತ್ತೆ ಭತ್ತದಲ್ಲಿ ಕಾಲಾಡಿಸುತ್ತಿದ್ದಳು. ಮಾವನವರು ಆಕೆಯಿದ್ದ ಕಡೆಗೇ ಮುಖ ಮಾಡಿ ಕೂತಿದ್ದರು. ಎಷ್ಟು ಕಂಡಳೋ ತಿಳಿಯದು. ಕೊನೆಗೆ ಕೀಲಿ ತೆಗೆದು ನನ್ನ ಮಡಿಲಲ್ಲಿಟ್ಟರು. ಇಳಿದು, ಬಾನೆಟ್ಟಿನ ಮೇಲೆ ಕೈ ಜಾರಿಸುತ್ತ, ಮುಂದಿನಿಂದ ಸುತ್ತು ಹಾಕಿ ನನ್ನ ಬಾಗಿಲಿಗೆ ಬಂದು ನಿಂತರು.

"ಸರಿ, ಆ ಕಡಿ ಹೋಗು."

ಲೈಸೆನ್ಸ್ ಇತ್ತೇ ಹೊರತು ನಾನು ಮಾರ್ಕೆಟ್ಟಿನಾಚೆ ಕಾರು ನಡೆಸಿದವಳಲ್ಲ. ಮಾನ್ವಿಯವರೆಗೂ ಎರಡನೇ ಗೇರಿನಲ್ಲೇ ಹೋದೆ. ಅಕ್ಕಿ ಹಾಕಿಸಿಕೊಂಡು ದೊಡ್ಡ ರಸ್ತೆಗೆ ಬಂದಾಗ ಲಾರಿಗಳು ಹಾರನ್ ಹೊಡೆಯುತ್ತ ಪಕ್ಕದಲ್ಲೇ ನುಗ್ಗುತ್ತಿದ್ದವು. ಕಲ್ಲೂರು ದಾಟಿದ ಮೇಲೆ ಮಾವನವರು ಮೆಲ್ಲಗೆ, "ಒಂಬತ್ತಕ್ಕ ಕುರಿ ಅದಾವು" ಎಂದರು. ಸ್ವಲ್ಪ ಹೊತ್ತಿಗೆ, "ಎಂಟಕ್ಕ ಬೈಕ್. ಬಿಡು, ಹೋಗ್ಲಿ." ಹನ್ನೆರಡು ಗಂಟೆಯ ದಿಕ್ಕನ್ನು ನಾನು ನೋಡಿಕೊಂಡೆ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಮೂರನೇ ಸಲಕ್ಕೆ ಕಾರು ಕಾಂಪೌಂಡಿನ ಪಕ್ಕ ನೆಟ್ಟಗೆ ನಿಂತಿತು. ಮಾವನವರು ಒಳಗೆ ಹೋದರು. ಗಿಡಗಳಿಗೆ ನೀರು ಹಾಕುತ್ತಿದ್ದ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿದರು.

"ಇವತ್ತ ನೀವ ನಡಿಸಿಕೊಂಡು ಬಂದ್ರೇನ್ರೀ? ಚಲೋ ಆತು ಬಿಡ್ರಿ. ದೀಪಾವಳಿ ಆದಮ್ಯಾಲ ನಿಮ್ಮ ಕಾರು ಬಡಿದು ನಮ್ಮವು ಗೇಟಿನ ಹೊರಗಿನ ಮೂರು ಹೂವಿನ ಪಾಟ್ ಒಡೆದ್ವು. ಅಷ್ಟು ದೊಡ್ಡ ಆಫೀಸರಿಗೆ ಯಾರು ಹೇಳಬೇಕ್ರೀ ಅಂತ ಸುಮ್ಮನಿದ್ದೆ."