ಬೇಡವೆಂದ ಲೋಟಗಳನ್ನು ತೊಳೆದ ಜ್ಞಾನಮ್ಮ

ಜ್ಞಾನಮ್ಮನವರ ಗಂಟಲಿಗೆ ಮೈಕು ಬೇಕಿರಲಿಲ್ಲ. ಕಿಬ್ಬನಹಳ್ಳಿಯ ತೋಟದಲ್ಲಿ ನಿಂತು, ಮರದ ತುದಿಯಲ್ಲಿ ಕಾಯಿ ಕೀಳುವವನ ಜೊತೆ ಜಗಳವಾಡಿ ಪಳಗಿದ ಗಂಟಲು. ತಿಪಟೂರಿನ ನಮ್ಮ ಚರ್ಚಿನಲ್ಲಿ ಅವರು ಮೆಲ್ಲಗೆ ಪ್ರಾರ್ಥಿಸಿದರೂ ಬೀದಿಯ ಹೂವಿನವಳಿಗೆ ಕೇಳುತ್ತಿತ್ತು.

ಯೇಸುವಿನ ಕಡೆಯ ಊಟದ ನೆನಪಿಗೆ ನಡೆಯುವ ಪ್ರಭುಭೋಜನದಲ್ಲಿ ದ್ರಾಕ್ಷಾರಸವನ್ನು ನಾವೆಲ್ಲ ಒಂದೇ ಬಟ್ಟಲಿನಿಂದ ಕುಡಿಯುತ್ತಿದ್ದೆವು. ಕೊರೋನಾ ಮುಗಿದ ಮೇಲೆ ಚರ್ಚಿನ ವರ್ಷದ ಕೂಟದಲ್ಲಿ, ತಲೆಗೊಂದು ಪುಟ್ಟ ಲೋಟ ತರಿಸೋಣ ಎಂದರು ಕಾರ್ಯದರ್ಶಿ ಯೇಸುದಾಸರು. ಅವರ ತಮ್ಮ ಆ ಕಾಯಿಲೆಯಲ್ಲೇ ಹೋಗಿದ್ದ. ಜ್ಞಾನಮ್ಮ ಎದ್ದು ನಿಂತರು.

"ಕಾಯ್ಲೆ ಅಂದ್ರೆ ನಂಗೂ ಭಯ ಐತೆ ಕಣ್ರೀ. ಆದ್ರೆ ನಮ್ಮಜ್ಜಿಗೆ ಹೋಟ್ಲಲ್ಲಿ ಬೇರೆ ಲೋಟ ಇಡ್ತಿದ್ರು. ಎಲ್ರಿಗೂ ಒಂದೇ ಬಟ್ಲು ಅಂತ ಸಿಕ್ಕಿದ್ದು ಇಲ್ಲೇಯ. ಅದುನ್ನೂ ಕಿತ್ಕಬ್ಯಾಡಿ."

ಆದರೂ ಕೈ ಎತ್ತಿಸಿ ಮತ ಎಣಿಸಿದಾಗ ಯೇಸುದಾಸರೇ ಗೆದ್ದರು. ಜ್ಞಾನಮ್ಮನವರ ಕಡೆ ನಿಂತು ಸೋತ ನಮಗೆ ಮೈಯೆಲ್ಲ ಉರಿದುಹೋಯಿತು. ಒಂದು ಕೊಬ್ಬರಿ ಗೋದಾಮು ಹಿಡಿದು ಬೇರೆ ಆರಾಧನೆ ನಡೆಸೋಣ, ನೀವು ಮುಂದೆ ನಿಲ್ಲಿ ಎಂದು ಜ್ಞಾನಮ್ಮನವರ ಮನೆಗೆ ಹೋದೆವು. ಅವರು ಹೊರಟರೆ ಅರ್ಧ ಸಭೆಯೇ ಹೊರಡುತ್ತಿತ್ತು.

ಕಾಫಿ ಕೊಟ್ಟು ಬೈದರು. "ಒಂದೇ ಬಟ್ಲು ಬೇಕು ಅಂದೋರು ಎರಡು ಚರ್ಚ್ ಮಾಡ್ತೀರೇನ್ರಲಾ? ನಾಚ್ಕೆ ಆಗಲ್ವಾ? ಸೋತಿದೀವಿ, ಒಳಗೇ ಕೂತ್ಕಳಾಣ. ಬಾಯಿ ಮಾತ್ರ ಮುಚ್ಚಾದು ಬ್ಯಾಡ."

ಮುಂದಿನ ಪ್ರಭುಭೋಜನಕ್ಕೆ ಮುಖ ಊದಿಸಿಕೊಂಡೇ ಹೋದೆವು. ಆರಾಧನೆ ಮುಗಿದದ್ದೇ ಜ್ಞಾನಮ್ಮ ಆ ಪುಟ್ಟ ಲೋಟಗಳನ್ನೆಲ್ಲ ನಲ್ಲಿಯ ಹತ್ತಿರ ಹೊತ್ತೊಯ್ದು ತೊಳೆಯಲು ಕೂತರು. ಯೇಸುದಾಸರು ಗಾಬರಿಯಾಗಿ ಓಡಿಬಂದರು.

"ನೀವ್ಯಾಕೆ ತೊಳೀತೀರಾ ಜ್ಞಾನಮ್ಮೋರೇ, ಬುಡಿ."

"ಬೇರೆ ಲೋಟ ಸರಿ ಅಂತ ನಾನಿನ್ನೂ ಒಪ್ಪಿಲ್ಲ ಕಣಪ್ಪ. ಆದ್ರೆ ಕುಡಿದಿರೋರು ನಮ್ಮೋರೇ ತಾನೇ? ಬಾ, ಒರೆಸು."

ಯೇಸುದಾಸರು ಪಕ್ಕದಲ್ಲಿ ಕೂತು ಒರೆಸಿದರು. ನನಗೂ ನಿಂತು ನೋಡಲಾಗಲಿಲ್ಲ, ಹೋಗಿ ಕೂತೆ. ಗೋದಾಮಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಜ್ಞಾನಮ್ಮ ಮಾತ್ರ ವರ್ಷವರ್ಷದ ಕೂಟದಲ್ಲೂ ಒಂದೇ ಬಟ್ಟಲಿನ ವಿಷಯ ಎತ್ತುತ್ತಿದ್ದರು, ಸೋಲುತ್ತಿದ್ದರು, ಸೋತು ಯೇಸುದಾಸರ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದರು. ಅಂಥ ಹಟ ನನಗೆ ಈ ಜನ್ಮದಲ್ಲಿ ಬಾರದು.

ಹೋದ ವರ್ಷದ ಕೂಟಕ್ಕೆ ಮುಂಚೆಯೇ ಅವರು ತೀರಿಕೊಂಡರು. ಕೂಟ ಮುಗಿದು ನಾವು ಏಳುವಷ್ಟರಲ್ಲಿ ಯೇಸುದಾಸರು ತಡೆದರು. "ಕೂತ್ಕಳಿ. ಜ್ಞಾನಮ್ಮೋರ ಮಾತು ಬಾಕಿ ಐತೆ." ಅವರ ವಾದವನ್ನೆಲ್ಲ ಒಂದೂ ಬಿಡದೆ ತಾವೇ ಮಂಡಿಸಿದರು. ಆಮೇಲೆ ಕಣ್ಣೊರೆಸಿಕೊಂಡು, ಅದರ ವಿರುದ್ಧ ಕೈ ಎತ್ತಿದರು.